ಕಬ್ಬಿನ ದರದ ಮಾತುಕತೆ: ಊರ ಮುಖಂಡರು ಲಕ್ಷ್ಯದಲ್ಲಿಡತಕ್ಕ ಸಂಗತಿಗಳು

ಬೆಳೆಯನ್ನು ಬೆಳೆಯುವದರಲ್ಲಿ ನಮ್ಮ ಒಕ್ಕಲಿಗರು ತೋರುವ ಜಾಣತನವು ಅದನ್ನು ಮಾರುವ ಕಾಲಕ್ಕೆ ಹಲವು ಸಲ ಕಾಣಬರುವದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬು ಹುಲುಸಾಗಿ ಬೆಳೆಯುವದು. ಆದರೆ ಕಡಿದ ಕಬ್ಬು ಜೋಳದಂತೆ ಹಗೇವಿನಲ್ಲಿ ತುಂಬಿಡುವ ವಸ್ತುವಲ್ಲ. ದಿನ ಕಳೆದಂತೆ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುವವು. ಆದುದರಿಂದ ದರದ ಮಾತು ಕಬ್ಬಿಗೆ ಕುಡಗೋಲು ಹಾಕುವ ಮೊದಲೇ ಮುಗಿಯತಕ್ಕದ್ದು.

೨೦೨೫ನೆಯ ಇಸವಿಯ ಅಕ್ಟೋಬರ ಕೊನೆಯಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕುಳಿತು ಟನ್ನಿಗೆ ೩,೫೦೦ ರೂಪಾಯಿ ಬೇಡಿದರು. ಎದುರಿಗೆ ಬಂದ ಮಾತು ೩,೨೦೦ರದು. ನವೆಂಬರ ೭ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉಭಯ ಪಕ್ಷಗಳೊಡನೆ ಮಾತಾಡಿದ ತರುವಾಯ ಕಾರ್ಖಾನೆಯವರು ೫೦, ಸರಕಾರದವರು ೫೦ ರೂಪಾಯಿ ಕೂಡಿಸುವದೆಂದು ಗೊತ್ತಾಗಿ, ಶೇಕಡಾ ೧೧.೨೫ ಇಳುವರಿಯ ಕಬ್ಬಿಗೆ ೩,೩೦೦ ರೂಪಾಯಿ ನಿಶ್ಚಯವಾಯಿತು. ಕಟಾವು ಸಾಗಾಣಿಕೆಗಳ ವೆಚ್ಚವು ಇದರ ಹೊರತು.

ಇದರಲ್ಲಿ ಕಲಿಯತಕ್ಕ ಮಾತೊಂದುಂಟು. ಹೆಚ್ಚಳದ ಭಾರವೆಲ್ಲ ಒಬ್ಬನ ಹೆಗಲ ಮೇಲೆ ಬೀಳಲಿಲ್ಲ. ಅದನ್ನು ಇಬ್ಬರು ಹಂಚಿಕೊಂಡರು. ಕೊಡುವವನಿಗೆ ಕೊಡುವ ಹಾದಿಯನ್ನೂ ತೋರಿಸಿದ ಬೇಡಿಕೆಯು ಬೇಗ ಫಲಿಸುವದು. ಅದೇ ದಿನ ಹುಕ್ಕೇರಿ ತಾಲೂಕಿನ ಹತ್ತರಗಿಯ ಬಳಿ ಹೆದ್ದಾರಿಯಲ್ಲಿ ಕಲ್ಲು ತೂರಾಟವಾಯಿತು. ಕಲ್ಲು ಬಿದ್ದಲ್ಲಿ ಜನರ ಮಾತು ದರವನ್ನು ಬಿಟ್ಟು ಕಲ್ಲಿನ ಕಡೆಗೆ ತಿರುಗುವದು; ಇದರಿಂದ ಬೇಡುವವನಿಗೇ ಹಾನಿ.

ಇನ್ನು ಲೆಕ್ಕದ ವಿಚಾರ. ೨೦೨೫-೨೬ರ ಹಂಗಾಮಿಗೆ ಕೇಂದ್ರ ಸರಕಾರವು ಶೇಕಡಾ ೧೦.೨೫ ಇಳುವರಿಗೆ ಟನ್ನಿಗೆ ೩,೫೫೦ ರೂಪಾಯಿ ಗೊತ್ತುಮಾಡಿತು. ಇಳುವರಿಯು ಶೇಕಡಾ ೦.೧ ಏರಿದಂತೆ ೩೪ ರೂಪಾಯಿ ೬೦ ಪೈಸೆ ಏರುವದು. ಈ ಲೆಕ್ಕದಿಂದ ೧೧.೨೫ರ ಇಳುವರಿಗೆ ೩,೮೯೬ ರೂಪಾಯಿ. ಇದು ಕಾರ್ಖಾನೆಯ ಬಾಗಿಲಿನ ದರ. ಬಾಗಿಲಿನ ದರಕ್ಕೂ ಕೈಗೆ ಬರುವ ಹಣಕ್ಕೂ ನಡುವೆ ಕಟಾವು ಸಾಗಾಣಿಕೆಗಳ ಖರ್ಚು ನಿಂತಿರುವದು. ನೂರು ಟನ್ನು ಕಳಿಸುವವನಿಗೆ ಇಳುವರಿಯಲ್ಲಿ ಅರ್ಧ ಅಂಶದ ವ್ಯತ್ಯಾಸವೆಂದರೆ ೧೭,೩೦೦ ರೂಪಾಯಿ. "ದರ ಹೆಚ್ಚಿಸಿರಿ" ಎಂದಷ್ಟೇ ಕೂಗಿದರೆ ಎದುರಿನವನು "ಆಗದು" ಎಂದು ಎದ್ದುಹೋಗಬಹುದು. "ಇಳುವರಿ ಇಷ್ಟು, ದರ ಇಷ್ಟು, ಸಾಗಾಣಿಕೆಗೆ ಕಳೆದದ್ದು ಇಷ್ಟು, ಸಮೀಪದ ಹೊಲಕ್ಕೂ ದೂರದ ಹೊಲಕ್ಕೂ ಒಂದೇ ಕಡಿತವೇಕೆ?" ಎಂದು ಕೇಳಿದರೆ ಆತನು ಉತ್ತರ ಕೊಡಲೇಬೇಕಾಗುವದು.

ಮಾತುಕತೆಗೆ ಹೋಗುವವರು ಈ ಕೆಳಗಿನ ಸಂಗತಿಗಳನ್ನು ಮರೆಯಬಾರದು:

೧. ಊರಿನ ಪರವಾಗಿ ಇಬ್ಬರು ಮೂವರೇ ಮಾತಾಡಬೇಕು. ಎಷ್ಟಕ್ಕೆ ಒಪ್ಪುವದೆಂಬದನ್ನು ಊರಲ್ಲಿಯೇ ಗೊತ್ತುಮಾಡಿಕೊಂಡು ಹೋಗತಕ್ಕದ್ದು.

೨. ಎದುರಿನವನ ಅಡಚಣಿಯನ್ನು ಅರಿತಿರಬೇಕು. ಸಕ್ಕರೆಯ ಕನಿಷ್ಠ ಮಾರಾಟದ ದರವು ೨೦೧೯ರಲ್ಲಿ ಕಿಲೋಗೆ ೩೧ ರೂಪಾಯಿ ಎಂದು ಗೊತ್ತಾದದ್ದು ೨೦೨೫ರ ಈ ಚಳವಳಿಯ ಕಾಲಕ್ಕೂ ಹಾಗೆಯೇ ಇತ್ತು. ಇದನ್ನು ನೀವೇ ಮೊದಲು ಆಡಿದರೆ ನಿಮ್ಮ ಮಾತಿಗೆ ತೂಕ ಬರುವದು. ಕಬ್ಬಿಲ್ಲದೆ ನಿಂತ ಗಾಣದಿಂದ ಅವರಿಗೂ ನಷ್ಟವೇ ಎಂಬದನ್ನೂ ಮರೆಯಬೇಡಿರಿ.

೩. ದರವೊಂದನ್ನೇ ಹಿಡಿದು ಕೂಡ್ರಬಾರದು. ದರದಲ್ಲಿ ಜಗ್ಗದವನು ತೂಕದ ಪರೀಕ್ಷೆ, ಕಟಾವಿನ ಪಾಳಿ, ಹಣದ ಗಡುವು ಇವುಗಳಲ್ಲಿ ಒಪ್ಪಬಹುದು. ಕಬ್ಬು ಮುಟ್ಟಿದ ೧೪ ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ ೧೫ರಂತೆ ಬಡ್ಡಿ ಕೂಡಿಸಬೇಕು ಎಂದು ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿಯೇ ಇದೆ. ಇದು ಬೇಡಿ ಪಡೆಯುವ ದಯೆಯಲ್ಲ, ಹಕ್ಕು.

೪. ಒಪ್ಪಿದ್ದನ್ನು ಅಲ್ಲಿಯೇ ಬರೆಯಿಸಿ ಸಹಿ ಮಾಡಿಸಿಕೊಳ್ಳತಕ್ಕದ್ದು. ಬಾಯಿಮಾತು ಹಂಗಾಮಿನ ಕೊನೆಯವರೆಗೆ ಬಾಳುವದಿಲ್ಲ.

ದೊಡ್ಡ ಜಮೀನುದಾರನು ತನ್ನ ಕಬ್ಬಿಗೆ ಬೇರೆ ಹಾದಿ ಹುಡುಕಿಕೊಳ್ಳಬಲ್ಲನು. ಎರಡು ಎಕರೆಯವನಿಗೆ ಆ ಶಕ್ತಿಯಿಲ್ಲ. ದೊಡ್ಡವನು ಒಳಗಿಂದೊಳಗೆ ತನ್ನ ಮಟ್ಟಿಗೆ ಬೇರೆ ಒಪ್ಪಂದ ಮಾಡಿಕೊಂಡನೆಂದರೆ ಊರಿನ ಮಾತೆಲ್ಲ ಅಲ್ಲಿಗೇ ಮುರಿಯುವದು. ಆದ್ದರಿಂದ ಮುಖಂಡರು ದಸರೆಗೆ ಮೊದಲೇ ಊರವರನ್ನು ಕೂಡಿಸಿ, ಕಳೆದ ಹಂಗಾಮಿನ ತೂಕದ ಚೀಟಿಗಳನ್ನೂ ಕಡಿತದ ಲೆಕ್ಕವನ್ನೂ ಒಂದು ವಹಿಯಲ್ಲಿ ಬರೆಯಿಸಿಡಲಿ. ಆ ವಹಿಯನ್ನು ಮುಂದಿಟ್ಟು ಸಮಾಧಾನದಿಂದ ಆಡಿದ ಮಾತನ್ನು ತಳ್ಳಿಹಾಕುವದು ಯಾವ ಕಾರ್ಖಾನೆಯವರಿಗೂ ಸುಲಭವಲ್ಲ.