ಕರುಳಿನ ಬೇನೆ, ಮನದ ಕಳವಳ

ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಕರುಳಿನ ದೀರ್ಘವ್ಯಾಧಿಯುಳ್ಳವನು ಅದನ್ನು ಶೌಚಾಲಯದಿಂದ ಶೌಚಾಲಯಕ್ಕೆ ಅಳೆಯುತ್ತಾನೆ. ರಾಯಬಾಗದವರಿಗೆ ರೈಲುಂಟು, ಕಾಗವಾಡದವರು ಶೇಡಬಾಳದಲ್ಲಿ ಹತ್ತಬಹುದು. ರೈಲಿನಲ್ಲಿ ಶೌಚಗೃಹವಾದರೂ ಇರುತ್ತದೆ. ಊರಿನಲ್ಲಿ ರೈಲಿಲ್ಲದ ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳವರಿಗೆ ಬಸ್ಸೇ ಗತಿ. ಬಸ್ಸೇರುವ ಮುನ್ನವೇ ಮನಸ್ಸು ಕಳವಳಿಸುತ್ತದೆ. ಮನಸ್ಸು ಕಳವಳಿಸಿದೊಡನೆ ಕರುಳು ಮತ್ತಷ್ಟು ಕೆರಳುತ್ತದೆ. ಮದುವೆ ಮುಂಜಿಗಳು ತಪ್ಪುತ್ತವೆ. ಕಡೆಗೆ ವೈದ್ಯರ ಭೇಟಿಯೂ ತಪ್ಪುತ್ತದೆ.

1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರ್ರಿಲ್ ಕ್ರೋನ್ ಮತ್ತು ಸಂಗಡಿಗರು ವರ್ಣಿಸಿದ ಕ್ರೋನ್ ವ್ಯಾಧಿಯಾಗಲಿ, ಅಲ್ಸರೇಟಿವ್ ಕೊಲೈಟಿಸ್ ಆಗಲಿ ಚಿಂತೆಯಿಂದ ಹುಟ್ಟಿದವಲ್ಲ. ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಕರುಳನ್ನು ಉರಿಯಿಸುತ್ತದೆ. ಆದರೆ ಕರುಳಿಗೂ ತನ್ನದೇ ನರಜಾಲವಿದೆ, ಅದು ಮಿದುಳಿನೊಡನೆ ಸದಾ ಸಂಭಾಷಿಸುತ್ತಿರುತ್ತದೆ. ಈ ರೋಗಿಗಳಲ್ಲಿ ಆತಂಕ, ಖಿನ್ನತೆಗಳು ಇತರರಿಗಿಂತ ಹೆಚ್ಚು. ಹೊಟ್ಟೆನೋವನ್ನು ಹೇಳಿಕೊಳ್ಳುವವರುಂಟು, ರಕ್ತಭೇದಿಯನ್ನು, ಅದರ ಭೀತಿಯನ್ನು ಮನೆಯವರೆದುರು ಹೇಳುವವರೆಷ್ಟು ಮಂದಿ?

ಇಂಥವರಿಗೆ ದೂರವಾಣಿ ಒದಗಿ ಬಂದಿದೆ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಸಮನ್ವಯ ಕೇಂದ್ರ. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು, ಮರಾಠಿಯಲ್ಲಿಯೂ. ಗಡಿನಾಡಿಗೆ ಇದು ಸಣ್ಣ ಅನುಕೂಲವೇನಲ್ಲ! ಮೊದಲು ಆಪ್ತಸಲಹೆಗಾರರು ಆಲಿಸುತ್ತಾರೆ; ಅಗತ್ಯವಿದ್ದರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ. 2024ರಲ್ಲಿ ಇದರ ಮೊಬೈಲ್ ಆ್ಯಪ್ ಕೂಡ ಬಂದಿತು.

ಕರುಳಿನ ರೋಗಿಗಳಿಗೆಂದೇ ಏರ್ಪಟ್ಟ ಸೇವೆ ಇದಲ್ಲ. ರಕ್ತಸ್ರಾವ, ಜ್ವರ, ತೂಕದ ಇಳಿತಗಳಿಗೆ ವೈದ್ಯರೇ ಬೇಕು; ಔಷಧವನ್ನು ತಾವಾಗಿ ನಿಲ್ಲಿಸಕೂಡದು. ತುಂಬಿದ ಮನೆಯಲ್ಲಿ ಗುಟ್ಟಾಗಿ ಮಾತನಾಡಲು ಎಡೆಯೆಲ್ಲಿ ಎಂಬುದೊಂದು ತೊಡಕು ಉಳಿಯುತ್ತದೆ. ಕಬ್ಬಿನ ಗದ್ದೆಯ ಬದುವಿಗೆ ನಡೆದುಹೋದರೆ ಅಲ್ಲಿ ಕೇಳುವವರಾರೂ ಇಲ್ಲ.