ಹೊಳೆನರಸೀಪುರದ ಪಕ್ಷೇತರ

ಪಕ್ಷೇತರ ಅಭ್ಯರ್ಥಿ ಅಂದರೆ ನಮ್ಮ ಹಾಸನದ ಕಡೆ ಈಗ ಜನ ಮುಖ ನೋಡಿ ನಗುತ್ತಾರೆ. ಟಿಕೆಟ್ ಸಿಗಲಿಲ್ಲವಾ, ಇಲ್ಲಾ ಯಾರಾದರೂ ಮತ ಒಡೆಯೋಕೆ ನಿಲ್ಲಿಸಿದ್ದಾರಾ ಅಂತ ನೇರವಾಗಿಯೇ ಕೇಳುತ್ತಾರೆ. ಚನ್ನರಾಯಪಟ್ಟಣದಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುತ್ತಿದ್ದ ಕಾಲದಲ್ಲಿ ನನ್ನ ತರಗತಿಯಲ್ಲೂ ಇದೇ ನಗು. ಒಬ್ಬನೇ ಒಬ್ಬ ಶಾಸಕ ಸರ್ಕಾರವನ್ನು ಏನು ಮಾಡಿಯಾನು ಮೇಡಂ, ಅನ್ನೋರು. ಆಗ ನಾನು ಪಠ್ಯಪುಸ್ತಕ ಮುಚ್ಚಿ ಪಕ್ಕದ ತಾಲ್ಲೂಕಿನ ಕಥೆ ತೆಗೆಯುತ್ತಿದ್ದೆ.

1962ರಲ್ಲಿ ಹೊಳೆನರಸೀಪುರದಿಂದ ಎಚ್.ಡಿ. ದೇವೇಗೌಡರು ಮೈಸೂರು ವಿಧಾನಸಭೆಗೆ ಆರಿಸಿ ಬಂದದ್ದು ಪಕ್ಷೇತರರಾಗಿ. ಆಗ ಅವರಿಗೆ 28 ವರ್ಷ. ಹರದನಹಳ್ಳಿಯ ರೈತನ ಮಗ, ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ, ಸಣ್ಣಪುಟ್ಟ ಗುತ್ತಿಗೆ ಕೆಲಸ, ಊರಿನ ಆಂಜನೇಯ ಸಹಕಾರ ಸಂಘದ ಅಧ್ಯಕ್ಷಗಿರಿ, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯತ್ವ. 1953ರಿಂದ ಕಾಂಗ್ರೆಸ್ಸಿನಲ್ಲೇ ಇದ್ದವರು. ಟಿಕೆಟ್ ಕೈತಪ್ಪಿದಾಗ ಹೊರಬಂದು ನಿಂತರು. ಅಂದರೆ ಅವರೂ ನನ್ನ ಮಕ್ಕಳು ನಗುತ್ತಿದ್ದ, ಟಿಕೆಟ್ ಸಿಗದ ಆ ಗುಂಪಿನವರೇ! ಇದನ್ನು ಮುಚ್ಚಿಡಬೇಕಿಲ್ಲ. ಮುನಿಸಿಕೊಂಡು ಗೆದ್ದವನು ಸದನದೊಳಗೆ ಏನು ಮಾಡಿದ ಅನ್ನುವುದು ಬೇರೆಯದೇ ಪ್ರಶ್ನೆ.

ಅಂದಿನ ಸದನವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. 208 ಸ್ಥಾನಗಳ ಸಭೆ, ಕಾಂಗ್ರೆಸ್ಸಿಗೆ ಭರ್ಜರಿ ಬಹುಮತ. ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಿದ್ದರಿಂದ ಮೊದಲ ಮೂರು ತಿಂಗಳು ಎಸ್.ಆರ್. ಕಂಠಿಯವರು ಮುಖ್ಯಮಂತ್ರಿ, ಆಮೇಲೆ ನಿಜಲಿಂಗಪ್ಪನವರೇ ಬಂದು 1968ರ ತನಕ ಕೂತರು. ವಿರೋಧದ ಸಾಲಿನಲ್ಲಿ ತೀರ್ಥಹಳ್ಳಿಯ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು. ಗೋಪಾಲಗೌಡರು ಮಾತಿಗೆ ಎದ್ದರೆ ಸಭೆ ಕಿವಿಗೊಡುತ್ತಿತ್ತು. ಹೊಳೆನರಸೀಪುರದ ಹುಡುಗನಿಗೆ ಆ ವಾಗ್ಮಿತೆ ಇರಲಿಲ್ಲ, ಇವತ್ತಿಗೂ ಇಲ್ಲ. ಆಗ ಪಕ್ಷವೂ ಇರಲಿಲ್ಲ.

ಪಕ್ಷವಿಲ್ಲದಿದ್ದರೆ ಏನು ಕಷ್ಟ? ಮುಖ್ಯವಾಗಿ ಸಮಯ. ದೊಡ್ಡ ಚರ್ಚೆಗಳಲ್ಲಿ ಮಾತಿನ ಅವಧಿ ಹಂಚಿಕೆಯಾಗುವುದು ಪಕ್ಷಗಳ ಬಲದ ಮೇಲೆ. ಒಂಟಿ ಸದಸ್ಯನ ಪಾಲಿಗೆ ಬರುವುದು ಕೊನೆಯ ಕೆಲವು ನಿಮಿಷ, ಅದೂ ಸಭಾಧ್ಯಕ್ಷರು ಮನಸ್ಸು ಮಾಡಿದರೆ. ಲಾಭವೂ ಒಂದಿದೆ. ಅವನಿಗೆ ವಿಪ್ ಇಲ್ಲ. ಇಂಥದ್ದಕ್ಕೆ ಕೈ ಎತ್ತು, ಇಂಥದ್ದಕ್ಕೆ ಸುಮ್ಮನಿರು ಅಂತ ಹೇಳುವವರಿಲ್ಲ. ಒಂದೇ ವಿಷಯವನ್ನು ಐದು ವರ್ಷ ಹಿಡಿದು ಜಗ್ಗಿದರೂ ಕೇಳುವವರಿಲ್ಲ.

ಅವನ ಕೈಲಿರುವ ಆಯುಧಗಳು ಮೂರು-ನಾಲ್ಕು. ಅದರಲ್ಲಿ ನನಗೆ ಬಲು ಇಷ್ಟವಾದದ್ದು ಚುಕ್ಕೆ ಗುರುತಿನ ಪ್ರಶ್ನೆ. ಮಕ್ಕಳಿಗಾಗಿ ಕಟ್ಟುತ್ತಿದ್ದ ಒಂದು ಮಾದರಿಯನ್ನೇ ಇಲ್ಲಿ ಹೇಳುತ್ತೇನೆ. (ಅ) ಇಂಥ ನಾಲೆಯ ಅಂದಾಜು ಪಟ್ಟಿ ತಯಾರಾಗಿದೆಯೇ? (ಆ) ಆಗಿದ್ದರೆ ಯಾವ ದಿನಾಂಕದಂದು? (ಇ) ಮಂಜೂರಾತಿ ಯಾರ ಬಳಿ ನಿಂತಿದೆ? (ಈ) ಎಂದಿನಿಂದ ನಿಂತಿದೆ? ನೋಡುವುದಕ್ಕೆ ಒಣ ಪ್ರಶ್ನೆಗಳು. ಆದರೆ ಸಚಿವರು ಇದಕ್ಕೆ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದು ಅಚ್ಚಾಗಬೇಕು. ‘ಪರಿಶೀಲನೆಯಲ್ಲಿದೆ’ ಅಂದರೆ ಉಪಪ್ರಶ್ನೆ ಬರುತ್ತದೆ: ಯಾರು ಪರಿಶೀಲಿಸುತ್ತಿದ್ದಾರೆ ಸ್ವಾಮಿ? ಆವೇಶದ ಭಾಷಣಕ್ಕೆ ಸಚಿವರು ನಕ್ಕು ಪಾರಾಗಬಹುದು, ದಿನಾಂಕ ಕೇಳಿದರೆ ಪಾರಾಗುವುದು ಕಷ್ಟ. ಅಂದಾಜು ಪಟ್ಟಿ, ಟೆಂಡರು, ಅಳತೆ ಪುಸ್ತಕ ಇವುಗಳ ಒಳಗುಟ್ಟು ಗೊತ್ತಿದ್ದ ಡಿಪ್ಲೊಮಾ ಹುಡುಗನಿಗೆ ಈ ಆಯುಧ ಕೈಗೆ ಒಗ್ಗಿತು.

ಇನ್ನೊಂದು ಖೋತಾ ಸೂಚನೆ. ನೀತಿಯೇ ತಪ್ಪು ಅನ್ನಿಸಿದರೆ ಇಲಾಖೆಯ ಕೋಟಿಗಟ್ಟಲೆ ಅನುದಾನದ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಅನ್ನಬಹುದು. ಒಂದು ನಿರ್ದಿಷ್ಟ ದೂರಿದ್ದರೆ ನೂರು ರೂಪಾಯಿ ಕಡಿಮೆ ಮಾಡಿ ಅನ್ನಬಹುದು. ಬಹುಮತದ ಸರ್ಕಾರದ ಎದುರು ಅದು ಬಿದ್ದೇ ಬೀಳುತ್ತದೆ. ಬೀಳಲಿ, ಅಷ್ಟು ಹೊತ್ತು ಆ ಇಲಾಖೆಯ ಮೇಲೆ ಮಾತಾಡಲು ಸಿಕ್ಕಿತಲ್ಲ.

ಮೂರನೆಯದು ಖಾಸಗಿ ಸದಸ್ಯರ ನಿರ್ಣಯ. ಸಚಿವರಲ್ಲದ ಯಾವ ಸದಸ್ಯರಾದರೂ ಮಂಡಿಸಬಹುದು. ಲೋಕಸಭೆಯಲ್ಲಾದರೆ ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಇಂಥ ಖಾಸಗಿ ಕಲಾಪಕ್ಕೆ ಮೀಸಲು. ಸಂಸದರೆಲ್ಲ ಊರಿನ ರೈಲು ಹತ್ತುವ ಹೊತ್ತು. ಸಾಮಾನ್ಯವಾಗಿ ಸಚಿವರು ಒಂದು ಭರವಸೆ ಕೊಡುತ್ತಾರೆ, ಸದಸ್ಯ ನಿರ್ಣಯ ಹಿಂದಕ್ಕೆ ಪಡೆಯುತ್ತಾನೆ. ಆದರೆ ಆ ಭರವಸೆ ನಡವಳಿಯಲ್ಲಿ ದಾಖಲಾಗಿರುತ್ತದೆ. ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಕೇಳಬಹುದು.

ಕಾವೇರಿ ಕಣಿವೆಯ ಯೋಜನೆಗಳ ಬಗ್ಗೆ ಪಕ್ಷೇತರ ಶಾಸಕನಾಗಿದ್ದಾಗಲೇ ಇಂಥದೊಂದು ಖಾಸಗಿ ನಿರ್ಣಯ ತಂದಿದ್ದೆ ಎಂದು ಗೌಡರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅದರ ಹಿಂದಿನ ಸಂಕಟ ತಿಳಿಯಬೇಕಾದರೆ 1924ಕ್ಕೆ ಹೋಗಬೇಕು. ಆ ವರ್ಷದ ಫೆಬ್ರವರಿಯಲ್ಲಿ ಮೈಸೂರು ಮತ್ತು ಮದ್ರಾಸು ಮಾಡಿಕೊಂಡ ಒಪ್ಪಂದದ ಪ್ರಕಾರ ನಾವು ಕನ್ನಂಬಾಡಿ ಕಟ್ಟಿದೆವು, ಅವರು ಮೆಟ್ಟೂರು ಕಟ್ಟಿದರು. ನಮ್ಮ ನೀರಾವರಿ ವಿಸ್ತರಣೆಗೆ ಮಿತಿ ಬಿತ್ತು. ಕೆಲವು ಷರತ್ತುಗಳನ್ನು ಐವತ್ತು ವರ್ಷದ ನಂತರ, ಅಂದರೆ 1974ರಲ್ಲಿ, ಮರುಪರಿಶೀಲಿಸಬೇಕು ಅಂತ ಅದರಲ್ಲೇ ಬರೆದಿತ್ತು. ಆ ಗಡುವು ಬರುವಷ್ಟರಲ್ಲಿ ನಾವು ಹೇಮಾವತಿ, ಹಾರಂಗಿ, ಕಬಿನಿಗಳಿಗೆ ಅಣೆಕಟ್ಟು ಕಟ್ಟಿ ನೀರು ಬಳಸುತ್ತಿರಬೇಕು, ಇಲ್ಲದಿದ್ದರೆ ಲೆಕ್ಕದ ದಿನ ನಮ್ಮ ಕೈ ಖಾಲಿ. ಆದರೆ ಯೋಜನಾ ಆಯೋಗ ಒಪ್ಪಿಗೆ ಕೊಡದು, ಒಪ್ಪಿಗೆ ಇಲ್ಲದೆ ಕೇಂದ್ರದ ಹಣ ಬಾರದು. ದೆಹಲಿಯ ದಾರಿ ಕಾಯುತ್ತಾ ಕೂರುವುದೋ, ನಮ್ಮ ಬೊಕ್ಕಸದಿಂದಲೇ ಕೆಲಸ ಶುರು ಮಾಡುವುದೋ? ಜಗಳ ಇದ್ದದ್ದು ಇಲ್ಲಿ.

ಹೊಳೆನರಸೀಪುರದವನಿಗೆ ಇದು ಬೆಂಗಳೂರಿನ ಕಾನೂನು ಚರ್ಚೆಯಲ್ಲ. ಹೇಮಾವತಿ ಊರಿನ ಪಕ್ಕದಲ್ಲೇ ಹರಿಯುತ್ತದೆ. ಶ್ರೀರಾಮದೇವರ ಕಟ್ಟೆಯ ಹಳೇ ಕಾಲುವೆಯ ಕೆಳಗೆ ಭತ್ತದ ಗದ್ದೆ. ಕಾಲುವೆಗಿಂತ ಒಂದು ಆಳು ಮೇಲಿನ ಹೊಲದಲ್ಲಿ ಮಳೆ ನಂಬಿದ ರಾಗಿ. ಅರಕಲಗೂಡಿನ ರಾಮನಾಥಪುರ, ಕಟ್ಟೇಪುರದ ಕಡೆ ಕಾವೇರಿಯೇ ಹರಿದರೂ ದೂರದ ದಿಬ್ಬದ ಊರುಗಳಿಗೆ ಅದು ಕಣ್ಣಿಗೆ ಕಾಣುವ ನೀರು, ಅಷ್ಟೆ. ನಮ್ಮ ಚನ್ನರಾಯಪಟ್ಟಣಕ್ಕಂತೂ ಕೆರೆ ಬಿಟ್ಟರೆ ಗತಿಯಿರಲಿಲ್ಲ.

ಕೊನೆಗೆ ರಾಜ್ಯ ತನ್ನ ಹಣದಲ್ಲೇ ಹೊರಟಿತು. ಕಬಿನಿ 1974ರಲ್ಲಿ ಮುಗಿಯಿತು, ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ. ಅದರ ಸಾಮರ್ಥ್ಯ 37 ಟಿಎಂಸಿ ಚಿಲ್ಲರೆ. ಎಡದಂಡೆ ನಾಲೆ ನಮ್ಮ ತಾಲ್ಲೂಕು ದಾಟಿ, ಬಾಗೂರು-ನವಿಲೆ ಸುರಂಗ ಹೊಕ್ಕು ತುಮಕೂರಿನ ಕಡೆ ಹೋಯಿತು. ಇದೆಲ್ಲ ಒಬ್ಬ ಪಕ್ಷೇತರನ ಮಾತಿನಿಂದಲೇ ಆಯಿತು ಅಂತ ನಮ್ಮೂರ ಕಟ್ಟೆಗಳಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಣ ತೆಗೆದಿಟ್ಟದ್ದು, ಕೇಂದ್ರದ ಮುನಿಸನ್ನು ಎದುರಿಸಿದ್ದು ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸರ್ಕಾರಗಳು. ಅಂಕಿಅಂಶಗಳ ವಾದವನ್ನು ಮುಂದೆ ಬೆಳೆಸಿದವರಲ್ಲಿ ಅರಕಲಗೂಡಿನ ಎಚ್.ಎನ್. ನಂಜೇಗೌಡರೂ ಇದ್ದಾರೆ, ಅವರು ನೀರಾವರಿ ಸಚಿವರಾಗಿಯೂ ಹಾಸನದ ಸಂಸದರಾಗಿಯೂ ಕಾವೇರಿಯನ್ನು ಅರೆದು ಕುಡಿದವರು. ಪಕ್ಷೇತರ ಮಾಡಿದ್ದು, ‘ಕಾಯೋಣ’ ಅನ್ನುವ ಉತ್ತರ ಸದನದಲ್ಲಿ ಸಲೀಸಾಗಿ ಚಲಾವಣೆಯಾಗದಂತೆ ನೋಡಿಕೊಂಡದ್ದು. ಅದೇನು ಸಣ್ಣ ಕೆಲಸವಲ್ಲ.

ಇನ್ನೊಂದು ಮಾತು. ನೀರು ಬೇಕೆಂದು ಕೇಳಿದವರ ಹೆಸರು ಉಳಿಯಿತು. ಮುಳುಗಿದ ಊರುಗಳ ಪರವಾಗಿ ಅಷ್ಟೇ ಹಟದಿಂದ ಕೇಳಿದವರ ಹೆಸರು ನಮ್ಮ ಜಿಲ್ಲೆಯ ನೆನಪಿನಲ್ಲಿಲ್ಲ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಮುರುಕು ಇಗರ್ಜಿಯ ಮುಂದೆ ಜನ ಮದುವೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಎದ್ದು ಹೋದವರಿಗೆ ಯಾವ ಪಕ್ಷೇತರ ಸಿಕ್ಕಿದ್ದ?

ಗೌಡರು 1967ರಲ್ಲೂ ಪಕ್ಷೇತರರಾಗಿಯೇ ಗೆದ್ದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಸೇರಿದ್ದು ಯಾರ ಕಡೆಗೆ? ಯಾರ ಸರ್ಕಾರವನ್ನು ವರ್ಷಗಟ್ಟಲೆ ಪ್ರಶ್ನಿಸಿದ್ದರೋ ಆ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ! 1972ರಲ್ಲಿ ದೇವರಾಜ ಅರಸರ ಎದುರು ವಿರೋಧ ಪಕ್ಷದ ನಾಯಕರಾದರು. 1987ರಲ್ಲಿ ಸಚಿವರಾಗಿದ್ದಾಗ, ನೀರಾವರಿಗೆ ಸಾಕಷ್ಟು ಹಣ ಕೊಟ್ಟಿಲ್ಲ ಅಂತ ರಾಜೀನಾಮೆ ಕೊಟ್ಟರು. ಕುರ್ಚಿ ಬದಲಾಗಿತ್ತು, ತಕರಾರು ಅದೇ.

ಈಚಿನ ಪಕ್ಷೇತರರ ಕಥೆ ಬೇರೆ ತರಹ. 2008ರಲ್ಲಿ ಬಿಜೆಪಿ 110ಕ್ಕೆ ನಿಂತಾಗ ಐವರು ಪಕ್ಷೇತರರು ಕೈ ಜೋಡಿಸಿ ಮಂತ್ರಿಗಳಾದರು. 2010ರಲ್ಲಿ ಬೆಂಬಲ ಹಿಂತೆಗೆದಾಗ ಅವರನ್ನು ಅನರ್ಹಗೊಳಿಸಲಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೆ ಸ್ಥಾನ ಹೋಗುತ್ತದೆ. ಹೊರಗಿನಿಂದ ಬೆಂಬಲಿಸಲು ಅಡ್ಡಿಯಿಲ್ಲ. ಹಾಗಾಗಿ ಈಗಿನ ಪಕ್ಷೇತರನ ಬೆಲೆ ಇರುವುದು ಪ್ರಶ್ನೆಯಲ್ಲಲ್ಲ, ಸಂಖ್ಯೆಯಲ್ಲಿ.

ಇವತ್ತು ಹೊಳೆನರಸೀಪುರದಲ್ಲಿ ಅಂಥ ಹುಡುಗನೊಬ್ಬ ನಿಂತರೆ ಗೆಲ್ಲುತ್ತಾನಾ ಮೇಡಂ, ಅಂತ ಕೊನೆಗೆ ಯಾರಾದರೂ ಕೇಳುತ್ತಿದ್ದರು. 1962ರಲ್ಲಿ ವಿಧಾನಸಭೆಗೆ ಠೇವಣಿ 250 ರೂಪಾಯಿ, ಈಗ 10,000. ಮಾನ್ಯತೆ ಪಡೆದ ಪಕ್ಷದವನಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಮಂದಿ ಬೇಕು. ಕಾನೂನು ಒಪ್ಪುವ ಖರ್ಚಿನ ಮಿತಿಯೇ 40 ಲಕ್ಷ. ಒಪ್ಪದ್ದರ ಲೆಕ್ಕ ನಿಮಗೇ ಗೊತ್ತು. ಎಲ್ಲಕ್ಕಿಂತ ಮೇಲಾಗಿ, ಅವನು ಎದುರಿಸಬೇಕಾದದ್ದು 1962ರ ಆ ಪಕ್ಷೇತರ ಕಟ್ಟಿ ಬೆಳೆಸಿದ ಮನೆತನವನ್ನೇ.