ರಾಶಿ ಹೊತ್ತಿನ ನೆಗಡಿ

ಡಿಸೆಂಬರ್ ಮುಗಿಯುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಕರಿಮಣ್ಣಿನ ಹೊಲಗಳಲ್ಲಿ ತೊಗರಿ ಒಣಗಿ ನಿಂತಿರುತ್ತದೆ. ಹಗಲು ಚುರುಗುಟ್ಟುವ ಬಿಸಿಲು, ಕತ್ತಲಾದರೆ ಕೌದಿ ಬೇಡುವ ಚಳಿ. ರಾಶಿ ಮಾಡುವಲ್ಲಿ ಹೊಟ್ಟಿನ ಧೂಳು ಕಣ್ಣು ಮೂಗಿಗೆ ಮುತ್ತುತ್ತದೆ. ಇಂಥ ದಿನಗಳಲ್ಲೇ ಮನೆಯಲ್ಲಿ ಒಬ್ಬರ ಮೂಗು ಸೋರಲು ಶುರುವಾಗಿ, ವಾರದೊಳಗೆ ಮನೆಮಂದಿಗೆಲ್ಲ ಸರದಿ ಬರುತ್ತದೆ. ‘ಥಂಡಿ ಹತ್ತೇದ’ ಎಂದು ರೋಗವನ್ನು ಊರೇ ಗೊತ್ತುಮಾಡಿಬಿಡುತ್ತದೆ. ದವಾಖಾನೆಗೆ ಹೋದವರ ಬಾಯಲ್ಲಿ ಉಳಿಯುವುದು ಒಂದೇ ಮಾತು: ‘ಒಂದು ಸೂಜಿ ಮಾಡಿಬಿಡ್ರಿ.’

ಆ ಸೂಜಿಯಿಂದ ನೆಗಡಿ ಹೋಗುವುದಿಲ್ಲ. ನೆಗಡಿ ತರುವ ವೈರಾಣುಗಳು 200ಕ್ಕೂ ಹೆಚ್ಚು; ಅವುಗಳಲ್ಲಿ ರೈನೋವೈರಸ್ ಬಳಗದ್ದೇ ಮೇಲುಗೈ. ಸೂಜಿಯಲ್ಲಿ ಆ್ಯಂಟಿಬಯೋಟಿಕ್ ಇದ್ದರೂ ಅದು ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು, ವೈರಾಣುಗಳನ್ನಲ್ಲ. ಇಂಗ್ಲೆಂಡಿನ ಸ್ಯಾಲಿಸ್‌ಬರಿಯಲ್ಲಿ 1946ರಲ್ಲಿ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರ ತೆರೆದು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸಾವಿರಾರು ಸ್ವಯಂಸೇವಕರಿಗೆ ಬೇಕೆಂದೇ ನೆಗಡಿ ಹಚ್ಚಿ ನೋಡಿದರು. ವೈರಾಣುಗಳ ಬಗ್ಗೆ ಬಹಳಷ್ಟು ತಿಳಿಯಿತು. ನೆಗಡಿ ಓಡಿಸುವ ಮದ್ದು ಮಾತ್ರ ಕೈಗೆ ಹತ್ತಲಿಲ್ಲ.

ಹಾಗಂತ ಥಂಡಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ರೈನೋವೈರಸ್ ಮೈಯ ಒಳಗಿನ 37 ಡಿಗ್ರಿಗಿಂತ ಮೂಗಿನೊಳಗಿನ 33 ಡಿಗ್ರಿ ಆಸುಪಾಸಿನ ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಚಳಿಗೆ ಬಾಗಿಲು ಹಾಕಿಕೊಂಡು ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದರಂತೂ ಅದಕ್ಕೆ ದಾರಿ ಇನ್ನೂ ಸುಲಭ. ಆದರೆ ಬಾಳೆಹಣ್ಣು, ಮೊಸರು ನೆಗಡಿ ಹುಟ್ಟಿಸುವುದಿಲ್ಲ. ಮಕ್ಕಳ ತಟ್ಟೆಯಿಂದ ಅವನ್ನು ಕಸಿದುಕೊಳ್ಳಬೇಕಿಲ್ಲ.

ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಕೆಮ್ಮು ಇನ್ನೊಂದಿಷ್ಟು ದಿನ ಉಳಿಯಬಹುದು. ಆ ದಿನಗಳನ್ನು ಸಹ್ಯವಾಗಿಸುವುದಷ್ಟೇ ಮನೆಮದ್ದಿನ ಕೆಲಸ, ಅದನ್ನು ಅಡುಗೆಮನೆ ಚೆನ್ನಾಗಿಯೇ ಮಾಡುತ್ತದೆ. ತೊಗರಿ ಬೇಳೆಯ ಕಟ್ಟಿನ ಸಾರಿಗೆ ಬೆಳ್ಳುಳ್ಳಿ, ಕರಿಮೆಣಸು ಬಿದ್ದರೆ ಕಟ್ಟಿದ ಮೂಗು ತುಸು ಹೊತ್ತು ಸಡಿಲಾಗುತ್ತದೆ. ನಾಲಿಗೆ ಕೆಟ್ಟಾಗ ಮೆತ್ತಗಿನ ಜೋಳದ ನುಚ್ಚು ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಶುಂಠಿ ಕಷಾಯದಲ್ಲಿ ಶುಂಠಿಯಷ್ಟೇ ಅದರ ಬಿಸಿನೀರಿಗೂ ಪಾಲಿದೆ. ಮಲಗುವ ಮುನ್ನ ಅರ್ಧದಿಂದ ಒಂದು ಚಮಚ ಜೇನು ಕೊಟ್ಟರೆ ಮಕ್ಕಳ ರಾತ್ರಿಯ ಕೆಮ್ಮು ಕಡಿಮೆಯಾಗುವುದು ಅಧ್ಯಯನಗಳಲ್ಲೂ ಕಂಡಿದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಗಂಟಲು ಕೆರೆತಕ್ಕೆ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸುವುದು ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಮೂಗು ತೊಳೆಯುವುದಾದರೆ ನೀರನ್ನು ಕುದಿಸಿ ಆರಿಸಿರಬೇಕು. ಕೊಳವೆಬಾವಿಯ ನೀರನ್ನು ನೇರವಾಗಿ ಮೂಗಿಗೆ ಏರಿಸಬಾರದು. ಮೈಕೈ ನೋವು, ಜ್ವರ ಇದ್ದರೆ ದೊಡ್ಡವರಿಗೆ 500 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಸಾಕು. ಮತ್ತೊಂದು ಬೇಕೆನಿಸಿದರೆ ನಾಲ್ಕರಿಂದ ಆರು ತಾಸಿನ ಅಂತರವಿರಲಿ. ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ನುಂಗಬೇಕು. ಮೂಗು ಬಿಡಿಸುವ ಹನಿಗಳನ್ನು ಐದು ದಿನ ಮೀರಿ ಹಾಕಿದರೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ಕಲಬುರಗಿಯಲ್ಲೇ. ಆ ಭಯದ ವರ್ಷಗಳಲ್ಲಿ ಹಬೆ, ಕಷಾಯಗಳು ಮನೆಮನೆಯ ದಿನಚರಿಯಾದವು. ಹಬೆಯಿಂದ ಮೂಗಿಗೆ ಹಿತವೆನಿಸಬಹುದು, ವೈರಾಣು ಸಾಯುವುದಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳ ಮೈ ಸುಟ್ಟರೆ ಅದು ನೆಗಡಿಗಿಂತ ಎಷ್ಟೋ ಪಾಲು ದೊಡ್ಡ ಕಷ್ಟ. ಸಣ್ಣ ಮಕ್ಕಳಿಗೆ ಹಬೆ ಬೇಡವೇ ಬೇಡ. ಕೂಸಿನ ಮೂಗಿಗೆ ಎಣ್ಣೆ ಬಿಡುವ ರೂಢಿಯೂ ನಿಲ್ಲಬೇಕು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕರ್ಪೂರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೂಸಿನ ಹತ್ತಿರ ಇಡುವುದೂ ಅಪಾಯ: ಅದು ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ಕರ್ಪೂರ ಬೆರೆತ ಮುಲಾಮುಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು.

ಇನ್ನು ಸಿರಪ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಆ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸಲಹೆ ಹೊರಡಿಸಿ, ಎರಡು ವರ್ಷದೊಳಗಿನವರಿಗೆ ಕೆಮ್ಮು, ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದಿತು. ವಿಷವಿಲ್ಲದ ಸಿರಪ್‌ನಿಂದಲೂ ಈ ವಯಸ್ಸಿನವರಿಗೆ ಆಗುವ ಲಾಭ ಅಷ್ಟಕ್ಕಷ್ಟೇ. ಆದರೂ ಹೋದ ವರ್ಷದ ಅರ್ಧ ಬಾಟಲಿ ಅನೇಕ ಮನೆಗಳ ಮಾಡದಲ್ಲಿ ಕೂತಿರುತ್ತದೆ. ಅದನ್ನು ಚೆಲ್ಲಲಿಕ್ಕೆ ಇಂದೇ ಸುದಿನ.

ತೊಗರಿ ಸೀಮೆಯಲ್ಲಿ ಇನ್ನೊಂದು ಗೊಂದಲವಿದೆ. ರಾಶಿ ಶುರುವಾದೊಡನೆ ಸಾಲುಸಾಲು ಸೀನು, ಕಣ್ಣು ತುರಿಕೆ, ನೀರಿನಂಥ ಸಿಂಬಳ. ಜ್ವರ ಮಾತ್ರ ಇಲ್ಲ. ಹೊಲ ಬಿಟ್ಟು ಬಂದರೆ ಕಡಿಮೆ, ಮತ್ತೆ ಹೋದರೆ ಜೋರು. ಇದು ಬಹುಪಾಲು ನೆಗಡಿಯಲ್ಲ, ಧೂಳಿನ ಅಲರ್ಜಿ. ಎಷ್ಟು ಕಷಾಯ ಕುಡಿದರೂ ವಾರದಲ್ಲಿ ಹೋಗುವಂಥದ್ದಲ್ಲ. ಮೂಗು ಬಾಯಿಗೆ ಸರಿಯಾಗಿ ಕೂರುವ ಮಾಸ್ಕ್, ಗಾಳಿಗೆ ಬೆನ್ನು ಮಾಡಿ ನಿಲ್ಲುವುದು, ಮನೆಗೆ ಬಂದೊಡನೆ ಸ್ನಾನ, ಇವೇ ಇಲ್ಲಿನ ಮದ್ದು. ಉಬ್ಬಸ ಸೇರಿಕೊಂಡರೆ ವೈದ್ಯರ ಬಳಿ ಹೋಗಲೇಬೇಕು.

ಮನೆಮದ್ದು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ತಾಯಂದಿರ ಕೈಯಲ್ಲಿ ಒಳ್ಳೆಯ ಅಳತೆಗೋಲೊಂದಿದೆ. ಮಗು ಶಾಂತವಾಗಿದ್ದಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40, ಅಥವಾ ಅದಕ್ಕೂ ಹೆಚ್ಚು ಬಂದರೆ ನ್ಯುಮೋನಿಯಾ ಇರಬಹುದು. ಪಕ್ಕೆ ಒಳಗೆಳೆಯುತ್ತಿದ್ದರೆ, ಕೂಸು ಮೊಲೆ ಕುಡಿಯದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗುವವರೆಗೂ ಕಾಯಬಾರದು. ದೊಡ್ಡವರಲ್ಲಿ ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಕ್ಷಯದ ಈ ಪರೀಕ್ಷೆ ಸರ್ಕಾರಿ ದವಾಖಾನೆಯಲ್ಲಿ ಉಚಿತ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ; ಉಸಿರಾಟದ ತೊಂದರೆ ಕಂಡಾಗ ಕಷಾಯಕ್ಕೆ ನೀರು ಇಡುವ ಬದಲು 108ಕ್ಕೆ ಫೋನ್ ಮಾಡಿ.